ನೀಲಾಳ ನಿಶ್ಚಯಕ್ಕೆ ಬತ್ತಾಸು

ಕಮಲಾಪುರ
ತಾ. ೧೦-೨-೧೯೪೯, ಗುರುವಾರ

ಪ್ರೀತಿಯ ಅಣ್ಣನಿಗೆ,

ತಂಗಿ ಶಿವಕಾಂತಮ್ಮನ ಶರಣಾರ್ಥಿ. ನಿನ್ನ ಮೊಣಕಾಲಿನ ನೋವು ಈಗ ಹೇಗಿದೆ? ಸೋಲಾಪುರದಲ್ಲಿ ಈ ಸಲ ಚಳಿ ಹೆಚ್ಚು, ಸಾವುಕಾರರು ಗೋಡೆ ಹಿಡಿದು ಏಳುತ್ತಾರೆ ಎಂದು ಲಾರಿಯ ದೇವಿಂದ್ರಪ್ಪ ಹೇಳಿದ. ಎಳ್ಳೆಣ್ಣೆಗೆ ಬೆಳ್ಳುಳ್ಳಿ ಹಾಕಿ ಕಾಯಿಸಿ, ಬೆಚ್ಚಗಿರುವಾಗಲೇ ತಿಕ್ಕಿಸಿಕೋ. ವೈನಿಯ ಕೆಮ್ಮು ನಿಂತಿತೇ? ಔಷಧ ಕುಡಿದೆ ಎಂದು ಅವಳು ಸುಳ್ಳು ಹೇಳುತ್ತಾಳೆ, ನಂಬಬೇಡ. ನಾನು ಇದ್ದೇನೆ. ಒಂದು ಹೊತ್ತು ರೊಟ್ಟಿ, ಒಂದು ಹೊತ್ತು ಮಜ್ಜಿಗೆ. ಹಿತ್ತಿಲ ಕೆಂಪುಬಾಳೆ ಎರಡು ಗೊನೆ ಹಾಕಿತ್ತು, ಒಂದನ್ನು ಕೋತಿಗಳು ತಿಂದವು. ನನ್ನ ಮಗ ಮಲ್ಲಣ್ಣ ಹೋಗಿ ನಿನ್ನೆಗೆ ಆರು ತಿಂಗಳಾಯಿತು. ನಿನ್ನ ಪತ್ರದಲ್ಲಿ ಆ ಮಾತಿರಲಿಲ್ಲ. ಮಗಳ ನಿಶ್ಚಯದ ಗಡಿಬಿಡಿಯಲ್ಲಿ ಮರೆತಿರಬೇಕು.

ಹೋದ ಶುಕ್ರವಾರ ದೇವಿಂದ್ರಪ್ಪ ಸಕ್ಕರೆಯ ಚೀಲ, ನಿನ್ನ ಪತ್ರ, ಜೊತೆಗೆ ಒಂದು ಛಾಪಾ ಕಾಗದ ತಂದುಕೊಟ್ಟ. ಹುಣ್ಣಿಮೆಯ ಮರುದಿನ ಸೋಮವಾರ ನೀಲಾಳ ನಿಶ್ಚಯ, ಬೀಗರು ದೊಡ್ಡ ಮಂದಿ, ಪೇಟೆಯ ಬತ್ತಾಸು ಇಟ್ಟರೆ ಮಾನ ಹೋಗುತ್ತದೆ, 'ನಮ್ಮ ಮನೆಯ ಬತ್ತಾಸು' ಎಂದು ಅವರ ಮುಂದೆ ಹೇಳಿಬಿಟ್ಟಿದ್ದೇನೆ ಎಂದು ಬರೆದಿದ್ದೀ. ಏಲಕ್ಕಿಯದು, ಗುಲಾಬಿಯದು, ಕೇದಗೆ ನೀರಿನ ಕೇವಡಾದ್ದು, ಕಮಲಾಪುರದ ಕೆಂಪುಬಾಳೆಯ ವಾಸನೆಯದೂ ಒಂದು ಬಗೆ ಬೇಕು. 'ನೀನು ಮಾತ್ರ ಬರುವುದು ಬೇಡ, ಬೀಗರ ಕಡೆಯವರು ಏನಾದರೂ ಅಂದಾರು.' ಇದನ್ನೂ ಬರೆದಿದ್ದೀ. ವಿಧವೆಯ ಕೈ ಒಲೆಯ ಮುಂದೆ ನಡೆಯುತ್ತದೆ, ತಾಟಿನ ಮುಂದೆ ನಡೆಯುವುದಿಲ್ಲ. ಅದಕ್ಕೂ ನಾನು ಏನೂ ಅನ್ನುತ್ತಿರಲಿಲ್ಲ. ವಿಧವೆಯಾಗಿ ತವರಿಗೆ ಬಂದ ಇಪ್ಪತ್ತು ವರ್ಷ ಅಂದಿಲ್ಲ. ಆದರೆ ಆ ಛಾಪಾ ಕಾಗದದ ಬಗ್ಗೆ ನೀನು ಬರೆದದ್ದು ಒಂದೇ ಸಾಲು. 'ಮನೆಯ ಕಾಗದ, ಸರಕಾರಕ್ಕೆ ಕೊಡಬೇಕು, ಕೆಳಗೆ ಸಹಿ ಮಾಡಿ ದೇವಿಂದ್ರಪ್ಪನ ಕೈಯಲ್ಲಿ ಕಳಿಸು.' ಅದು ಉರ್ದುವಿನಲ್ಲಿತ್ತು. ನನಗೆ ಉರ್ದು ಬರುವುದಿಲ್ಲವೆಂದು ನಿನಗೆ ಗೊತ್ತು. ಮಠದ ಅಯ್ಯನವರ ಹತ್ತಿರ ನಾಲ್ಕು ವರ್ಷ ಕನ್ನಡ ಕಲಿತೆ, ಅಷ್ಟೇ ನನ್ನ ಶಾಲೆ. ಈಗ ನೀನು ನನ್ನ ಸಹಿ ಎಲ್ಲಿದೆ ಎಂದು ಪುಟ ತಿರುವುತ್ತಿರುತ್ತೀ. ತಿರುವಬೇಡ. ಒಂದೊಂದೇ ಸಾಲು ಓದು. ನಾನು ಎದುರಿಗೆ ಬಾಯಿ ಮಾಡುವವಳಲ್ಲ. ಇಷ್ಟು ಸಿಟ್ಟು ನನ್ನ ಮೈಯಲ್ಲಿ ಇದೆಯೆಂದು ನನಗೇ ಗೊತ್ತಿರಲಿಲ್ಲ.

ಮೊದಲು ಬತ್ತಾಸಿನ ಕಥೆ ಕೇಳು. ಶನಿವಾರ ಬೆಳಿಗ್ಗೆ ಮಿಂದು, ಒಲೆ ಸಾರಿಸಿ ಕೂತೆ. ನನ್ನ ದಿನಚರಿಯ ಹಳೆಯ ವಹಿಗಳನ್ನೂ ತೆಗೆದಿಟ್ಟುಕೊಂಡೆ. ಇಪ್ಪತ್ತು ವರ್ಷದಿಂದ ಈ ಮನೆಯಲ್ಲಿ ಬತ್ತಾಸು ಮಾಡಿದಾಗಲೆಲ್ಲ ಬರೆದಿಟ್ಟಿದ್ದೇನೆ. ಸೇರು ಸಕ್ಕರೆಗೆ ಎಷ್ಟು ನೀರು, ಹೊಲಸು ತೆಗೆಯಲು ಎಷ್ಟು ಹಾಲು, ಎಷ್ಟು ಚಿಟಿಕೆ ಸೋಡಾ, ಯಾವಾಗ ಗುಲಾಬಿ ನೀರು. ಎಲ್ಲ ಅದೇ ಅಳತೆ, ಅದೇ ಕಡಾಯಿ. ಪಾಕ ಸೋಸಿ, ಹಿಡಿಕೆಯ ಬೋಗುಣಿಗೆ ಸ್ವಲ್ಪ ಸ್ವಲ್ಪ ತೆಗೆದು, ಕಾಯಿಸಿ, ಕೋಲಿನಿಂದ ಅಂಚಿಗೆ ತಿಕ್ಕಿ, ಚಾಪೆಯ ಮೇಲೆ ಹಾಸಿದ ಬಟ್ಟೆಗೆ ಬಿಟ್ಟೆ. ಉಬ್ಬಬೇಕಾದ್ದು ಉಬ್ಬಲಿಲ್ಲ. ಉಗುಳಿದ ಹಾಗೆ ಹರಡಿಕೊಂಡು ಕೂತಿತು. ಎರಡನೆಯ ಸಲ ತುಸು ಹೆಚ್ಚು ಕಾಯಿಸಿದೆ, ಬೋಗುಣಿಯಲ್ಲೇ ಕಲ್ಲಾಯಿತು. ಕೇವಡಾದ್ದು ಹೊತ್ತಿತು. ರವಿವಾರ ನಿನ್ನ ಕೆಂಪುಬಾಳೆಗೆ ಕೈ ಹಾಕಿದೆ. ಹಣ್ಣು ಕಿವುಚಿ, ಬಟ್ಟೆಯಲ್ಲಿ ಹಿಂಡಿ, ಆ ರಸ ಪಾಕಕ್ಕೆ ಹಾಕಿದೆ. ಅದು ಬತ್ತಾಸೂ ಆಗಲಿಲ್ಲ, ಹಲ್ವವೂ ಆಗಲಿಲ್ಲ. ಹತ್ತಿಯ ಉಂಡೆಯಂತೆ ಮೆತ್ತಗೆ, ಒತ್ತಿದರೆ ತಗ್ಗಿ ಮತ್ತೆ ಏಳುತ್ತಿತ್ತು, ಎಳೆದರೆ ಎಳೆಯಾಗುತ್ತಿತ್ತು. ಹಾಲು ತರುವ ಬಂಡೆಮ್ಮ ಒಂದನ್ನು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, 'ಎವ್ವಾ, ಭಾಳ ಚಲೋ ಆಗ್ಯಾವ. ಬೀಗರಿಗಿ ಮೊದಲ ಇವನ್ನೇ ಕೊಡು. ಬಾಯಿ ಅಂಟಿ ಕುಂಡರ್ತಾವ, ವರದಕ್ಷಿಣಿ ಮಾತೇ ತಗ್ಯಾಂಗಿಲ್ಲ' ಅಂದಳು. ಆರು ತಿಂಗಳಲ್ಲಿ ನಾನು ನಕ್ಕದ್ದು ಅದೊಂದೇ ಸಲ. ನಕ್ಕದ್ದಕ್ಕೆ ಅಳುವೂ ಬಂತು, ಅದು ಬೇರೆ ಮಾತು.

ಬತ್ತಾಸು ಯಾಕೆ ಕೆಟ್ಟಿತೆಂದು ನಿನಗೂ ಗೊತ್ತಿದೆ, ಅಣ್ಣಾ. 'ನಮ್ಮ ಮನೆಯ ಬತ್ತಾಸು' ಎಂದು ನೀನು ಹೇಳಿಕೊಂಡದ್ದನ್ನು ಮಾಡುತ್ತಿದ್ದವಳು ಪಕ್ಕದ ಮನೆಯ ನಜ್ಮಾಬೀ. ಅವಳು ಮುಟ್ಟಿದ್ದನ್ನು ನಮ್ಮ ಬಂಧುಗಳು ತಿನ್ನುವುದಿಲ್ಲ ಎಂದು ಅಪ್ಪ ಹಾಕಿದ ಕಟ್ಟಳೆ ನೆನಪಿದೆಯೇ? ಅವಳು ಅಡಿಗೆಮನೆಯ ಹೊಸ್ತಿಲ ಆಚೆ ಅಂಗಳದಲ್ಲಿ ಕೂಡಬೇಕು, ಹೇಳಬೇಕು. ನಾನು ಒಳಗೆ ಒಲೆಯ ಮುಂದೆ ಮಾಡಬೇಕು. ನಮ್ಮ ಒಲೆ, ನಮ್ಮ ನೀರು, ನನ್ನ ಕೈ. 'ಜರಾ ನಿಂದ್ರು.' 'ಈಗ ತಿಕ್ಕು, ಜಲ್ದಿ ತಿಕ್ಕು.' 'ಬಸ್, ಇಳಸು.' ಇಪ್ಪತ್ತು ವರ್ಷ ಆ ಮೂರು ಮಾತಿಗೆ ನನ್ನ ಕೈ ಓಡಿತು. ದರ್ಗಾದ ಉರುಸಿಗೆ ಮಣಗಟ್ಟಲೆ ಬತ್ತಾಸು ಮಾಡಿ ಕಳಿಸುತ್ತಿದ್ದವಳು ನಮ್ಮ ಅಂಗಳದಲ್ಲಿ ಗೋಣಿತಟ್ಟಿನ ಮೇಲೆ ಕೂತಿರುತ್ತಿದ್ದಳು. ಕೆಲಸ ಮುಗಿದ ಮೇಲೆ ನಾವು ಅವಳಿಗೂ ಒಂದು ಹಿಡಿ ಕೊಡುತ್ತಿದ್ದೆವು, ಮೇಲಿಂದ ಉಡಿಗೆ ಹಾಕಿ. ನಾನೇ ಹಾಕುತ್ತಿದ್ದೆ. ಕಲಿತವಳು ನಾನೆಂದು ತಿಳಿದಿದ್ದೆ. ವಹಿಯಲ್ಲಿ 'ಇಂದು ಬತ್ತಾಸು ಮಾಡಿದೆ' ಎಂದು ಬರೆದಿದ್ದೇನೆ, ಒಂದು ಸಲವೂ 'ಮಾಡಿದೆವು' ಎಂದು ಬರೆದಿಲ್ಲ. ಸಿಟ್ಟು ನಿನ್ನ ಮೇಲೆ ಮಾತ್ರ ಇಲ್ಲ ಎಂಬುದಕ್ಕೆ ಇದನ್ನು ಹೇಳಿದೆ.

ಆ ಮನೆಯ ಬಾಗಿಲಿಗೆ ನೀನು ಬೀಗ ಹಾಕಿದಿ. ರಜಾಕಾರರನ್ನು ಅಡಗಿಸಲು ಫೌಜು ಬಂದ ಮೇಲೆ ಎಂಟು ದಿನ ಈ ಸೀಮೆಯಲ್ಲಿ ಏನಾಯಿತೆಂದು ನೀನು ಸೋಲಾಪುರದಲ್ಲಿ ಕೇಳಿದ್ದೀ, ನಾನು ಇಲ್ಲಿ ನೋಡಿದ್ದೇನೆ. ರಜಾಕಾರರ ಕಾಲದಲ್ಲಿ ನೀವೆಲ್ಲ ಯಾವ ದಾರಿ ಹಿಡಿದು ಓಡಿದಿರೋ ಅದೇ ದಾರಿಯಲ್ಲಿ ಊರಿನ ಮುಸಲ್ಮಾನರು ಓಡಿದರು. ನಜ್ಮಾಬೀಯ ಗಂಡ ಖಾಸಿಂಸಾಬ ಎತ್ತು ಬಿಚ್ಚಿಕೊಂಡು ಬರುತ್ತೇನೆಂದು ಹೊಲಕ್ಕೆ ಹೋದವನು ಇವತ್ತಿನವರೆಗೂ ಬಂದಿಲ್ಲ. ಎತ್ತುಗಳು ಬಂದವು. ಅವಳನ್ನು ನಾನು ನಾಲ್ಕು ದಿನ ಜೋಳದ ಕಣಜದ ಹಿಂದೆ ಕೂಡಿಸಿದ್ದೆ, ಆಮೇಲೆ ಕಲಬುರಗಿಯ ಅವಳ ನೆಂಟರಲ್ಲಿಗೆ ಕಳಿಸಿದೆ. ಬಾಗಿಲಿಗೆ ನನ್ನ ಪೆಟ್ಟಿಗೆಯ ಸಣ್ಣ ಬೀಗ ಹಾಕಿದೆ, ಬಂದ ದಿನ ತೆರೆದುಕೊಡಲು. ತಿಂಗಳಾದ ಮೇಲೆ ನೀನು ಬಂದು ಅದನ್ನು ಕಿತ್ತು ನಿನ್ನ ಬೀಗ ಹಾಕಿದಿ, ಒಳಗೆ ತೊಗರಿ ಮೂಟೆ ಒಟ್ಟಿದಿ. ಕೇಳಿದ್ದಕ್ಕೆ, 'ಕಾಳು ಬೆಚ್ಚಗ ಇರ್ತಾವ, ಆಕಿ ಬಂದ ಮ್ಯಾಲ ನೋಡೂಣು' ಅಂದಿ. ನಾನು ನಂಬಿದೆ.

ಸೋಮವಾರ ಬೆಳಗಿನ ಬಸ್ಸಿಗೆ ಕಲಬುರಗಿಗೆ ಹೋದೆ. ದರ್ಗಾದ ಹಿಂದಿನ ಓಣಿಯಲ್ಲಿ, ನೆಂಟರ ಮನೆಯ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ನಜ್ಮಾಬೀ ಇದ್ದಳು. ಮಂದಿಯ ಅಕ್ಕಿ ಆರಿಸಿಕೊಡುತ್ತಿದ್ದಳು. ನನ್ನ ನೋಡಿ ಮೊರ ಕೆಳಗಿಟ್ಟಳು, ಮೊದಲು ಕೇಳಿದ್ದೇ ನೀಲಾಳನ್ನು. 'ನಮ್ಮ ನೀಲಾಗ ಎಂಥಾ ಮನಿ ಸಿಕ್ತು? ಅತ್ತಿ ಅದಾಳೇನು? ಇದ್ರ, ಬಾಯಿ ಹೆಂಗದ?' ನಾನು ತಂದಿದ್ದ ಚಪ್ಪಟೆ ಬತ್ತಾಸುಗಳನ್ನು ಸೆರಗಿನಿಂದ ಬಿಚ್ಚಿ ತೋರಿಸಿದೆ. ಒಂದನ್ನು ಎತ್ತಿ ಬೆಳಕಿಗೆ ಹಿಡಿದು, 'ಯಾ ಅಲ್ಲಾ, ಇದಕ್ಕ ಬತ್ತಾಸ ಅಂತಿ? ಇದರಿಂದ ಪಗಡಿ ಆಡಬಹುದು' ಅಂದಳು. ಬೆನ್ನಿಗೆ ಒಂದು ಏಟೂ ಕೊಟ್ಟಳು. ಪಾಕದ ಹದ ನನಗೆ ಗೊತ್ತಾಗುವುದಿಲ್ಲ, ನೀನು ನೋಡಿ ಹೇಳುತ್ತಿದ್ದಿ ಅಂದೆ. ಅದಕ್ಕೆ ಅವಳು ಏನಂದಳು ಗೊತ್ತೇ? 'ನಾ ಎಂದ್ ನೋಡೀನಿ, ಕಾಂತಾ? ನೀ ಒಲಿಗಿ ಅಡ್ಡ ಕುಂಡರ್ತಿದ್ದಿ. ನನಗ ನಿನ್ನ ಬೆನ್ನ ಕಾಣ್ತಿತ್ತು. ನಾ ಕೇಳ್ತಿದ್ದೆ.' ಪಾಕ ಮೊದಲು ನೀರಿನಂತೆ ಕೊತಕೊತ ಅನ್ನುತ್ತದೆ, ಆಮೇಲೆ ಅಂಬಲಿಯಂತೆ ಗೊಣಗುತ್ತದೆ, ಒಂದು ಗಳಿಗೆ ಸುಮ್ಮನಾಗುತ್ತದೆ. ಆ ಸುಮ್ಮನಾದ ಗಳಿಗೆಯಲ್ಲಿ ಇಳಿಸಬೇಕು. ಅವಳ ಮನೆಯಲ್ಲಿ ಅವಳು ಎಲ್ಲರ ಹಾಗೆ ನೋಡಿಯೇ ಮಾಡುತ್ತಿದ್ದಳಂತೆ. ನಮ್ಮ ಅಂಗಳದಲ್ಲಿ ಕೂಡಿಸಿದ್ದಕ್ಕೆ ಕಿವಿಯಿಂದ ಮಾಡುವುದನ್ನು ಕಲಿತಳು. ಇಪ್ಪತ್ತು ವರ್ಷದಲ್ಲಿ ನಾನು ಒಂದು ಗೇಣು ಸರಿದು ಕೂತಿರಲಿಲ್ಲ.

ಆಮೇಲೆ ನಾನು ಮಾಡಿದ ಕೆಲಸ ಕೇಳು. ನೀನೇ ಮಾಡಿಸಿದ್ದು. ಛಾಪಾ ಕಾಗದ ಜೊತೆಗೆ ತಂದಿದ್ದೆ. ಕಮಲಾಪುರದಲ್ಲಿ ಉರ್ದು ಓದುವವರು ಈಗ ಯಾರಿದ್ದಾರೆ? ಇದ್ದವರೆಲ್ಲ ಹೋದರು. ನಜ್ಮಾಬೀ ಚಿಕ್ಕಂದಿನಲ್ಲಿ ಓದು ಕಲಿತವಳು, ಮಲ್ಲಣ್ಣನ ಶಾಲೆಯ ಉರ್ದು ಪಾಠವನ್ನೂ ಅವಳೇ ಹೇಳಿಕೊಡುತ್ತಿದ್ದಳು. ನಮ್ಮ ಮನೆಯ ಕಾಗದವಂತೆ, ಸ್ವಲ್ಪ ಓದಿ ಹೇಳು ಎಂದು ಅವಳ ಕೈಗೇ ಕೊಟ್ಟೆ. ಬಾಗಿಲ ಬೆಳಕಿಗೆ ಹಿಡಿದು, ಬೆರಳಿಟ್ಟು, ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳಿದಳು. ಅದರಲ್ಲಿ ಬರೆದದ್ದು ಇದು: ಕಮಲಾಪುರದ ಖಾಸಿಂ ರಜಾಕಾರರ ಕಡೆಯವನು. ಶ್ರಾವಣದ ಮೊದಲ ಸೋಮವಾರ ಮಲ್ಲಣ್ಣ ಅಡಗಿದ್ದ ಜಾಗ ಅವರಿಗೆ ತೋರಿಸಿಕೊಟ್ಟವನು ಇವನೇ. ತಪ್ಪಿಗೆ ಅಂಜಿ ಹೆಂಡತಿಯನ್ನು ಕರೆದುಕೊಂಡು ಓಡಿಹೋಗಿದ್ದಾನೆ. ಅವನ ಮನೆಯನ್ನು, ಸತ್ತ ಹುಡುಗನ ಸೋದರಮಾವ ಗುರುಲಿಂಗಪ್ಪನ ಹೆಸರಿಗೆ ಮಾಡಿಕೊಡಬೇಕು. ಇದಕ್ಕೆ ಹುಡುಗನ ತಾಯಿಯೇ ಸಾಕ್ಷಿ. ನಡುವೆ ಒಂದು ಕಡೆ ಅವಳ ಬೆರಳು ನಿಂತಿತು. ನಾನು ಬೇಡ, ಬಿಡು ಅಂದೆ. ಬಿಡಲಿಲ್ಲ, ಕೊನೆಯವರೆಗೂ ಓದಿದಳು. ಮಡಚಿ ನನ್ನ ಕೈಗಿಟ್ಟು, 'ಬರದಾಂವ ಚಲೋ ಬರದಾನ. ಅಪ್ಪನ ಹೆಸರ್ ಸಮೇತ ಹಾಕ್ಯಾನ. ಬಂಡಿ ಹೊಡಿಯಾಂವಗ ಇಷ್ಟ್ ಇಜ್ಜತ್ ಯಾರ್ ಕೊಟ್ಟಿದ್ರು? ಕೆಳಗ ನಿನ್ನ ಹೆಸರಿಗಿ ಜಾಗಾ ಬಿಟ್ಟಾರ, ನೋಡು' ಅಂದಳು. ಅಳಲಿಲ್ಲ. ಅತ್ತಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಅಣ್ಣಾ, ನಿನ್ನ ಸುಳ್ಳನ್ನು ನೀನೇ ಬಂದು ನನ್ನ ಮುಂದೆ ಹೇಳಬಹುದಾಗಿತ್ತು. ಅವಳ ಗಂಡನ ಮೇಲಿನ ಮಾತನ್ನು ಅವಳ ಬಾಯಿಂದಲೇ ಆಡಿಸಿದಿ. ನನ್ನ ಕೈಯಿಂದ ಕಳಿಸಿ ಆಡಿಸಿದಿ. ನನಗೆ ಓದಲು ಬರುವುದಿಲ್ಲವೆಂಬ ಧೈರ್ಯದ ಮೇಲೆ ಕಳಿಸಿದಿ.

ಶ್ರಾವಣದ ಆ ಸೋಮವಾರ ನೀನು ಇಲ್ಲಿ ಇರಲಿಲ್ಲ. ಇದ್ದವಳು ನಾನು. ಮಲ್ಲಣ್ಣ ಎಲ್ಲಿಯೂ ಅಡಗಿರಲಿಲ್ಲ. ರಜಾಕಾರರ ವಿರುದ್ಧ ಗಡಿಯಲ್ಲಿ ಶಿಬಿರ ಹಾಕಿದವರಿಗೆ ಚೀಟಿ ಒಯ್ಯುತ್ತಿದ್ದವನನ್ನು ಅವರು ಹಗಲು ಹೊತ್ತಿನಲ್ಲಿ ದಾರಿಯ ಮೇಲೆ ಹಿಡಿದರು. ಕೆರೆಯ ಹಿಂದೆ ಹೊಡೆದು ಬಿಸಾಕಿದರು. ಮುಟ್ಟಿದವರನ್ನೂ ಹೊಡೆಯುತ್ತೇವೆ ಎಂದು ಸಾರಿ ಹೋದರು. ನಮ್ಮ ಓಣಿಯ ಎಲ್ಲ ಬಾಗಿಲು ಹಾಕಿಕೊಂಡವು. ನಮ್ಮವರ ಬಾಗಿಲುಗಳೇ. ನಾನು ಒಬ್ಬಳೇ ಹೋಗಿ ಎತ್ತಲು ನೋಡಿದೆ, ಇಪ್ಪತ್ತು ವರ್ಷದ ಮಗ, ಎತ್ತಲು ಆಗಲಿಲ್ಲ. ಬಂಡಿ ಕಟ್ಟಿಕೊಂಡು ಬಂದವನು ಖಾಸಿಂಸಾಬ. ಮಲ್ಲಣ್ಣನ ಮೇಲೆ ತನ್ನ ರುಮಾಲು ಬಿಚ್ಚಿ ಹೊದಿಸಿದ. ದಾರಿಯಲ್ಲಿ ಅವರು ಅಡ್ಡಗಟ್ಟಿ ಕೇಳಿದ್ದಕ್ಕೆ, 'ನನ್ನ ಮನಿ ಹುಡುಗ ಅದಾನ, ಸರೀರಿ' ಅಂದ. ನನ್ನ ವಹಿಯಲ್ಲಿ ಆ ದಿನ ಇರುವುದು ಎರಡೇ ಸಾಲು. 'ಖಾಸಿಂಸಾಬನ ಬಂಡಿ ಬಂತು. ಮಲ್ಲಣ್ಣ ಬಂದ.' ಅವನನ್ನು ಮಣ್ಣು ಮಾಡಲು ನೀನು ಬರಲಿಲ್ಲ, ಬರುವ ಹಾಗೆಯೂ ಇರಲಿಲ್ಲ, ಅದಕ್ಕೆ ನಾನು ನಿನ್ನನ್ನು ಅಂದಿಲ್ಲ. ಆದರೆ ನನ್ನ ಮಗನ ಹೆಣದ ಮೇಲೆ ಒಂದು ಗೋದಾಮು ಕಟ್ಟಿಕೊಳ್ಳುತ್ತೇನೆ ಅಂದರೆ ಅನ್ನುತ್ತೇನೆ. ನಿನಗೆ ಬಚ್ಚಲುಮನೆ ಸಮೇತ ಸೋಲಾಪುರದಲ್ಲಿ ಎರಡು ಮನೆಗಳಿವೆ. ಅವಳದು ಒಂದು ಪಡಸಾಲೆ, ಒಂದು ಒಲೆ. ಅದೂ ಬೇಕಾಯಿತೇ? ಬೇಕಾದರೆ ಬೇಕೆಂದು ಹೇಳಿ ಕಸಿದುಕೋ. ಮಲ್ಲಣ್ಣನ ಹೆಸರು ಯಾಕೆ ತರುತ್ತೀ? ಅವನು ನಿನ್ನ ಹೆಗಲ ಮೇಲೆ ಬೆಳೆದವನಲ್ಲವೇ?

ಈ ಸೋಮವಾರ ರಾತ್ರಿ ನಜ್ಮಾಬೀಯ ಕೋಣೆಯಲ್ಲೇ ಉಳಿದೆ. ಅವಳು ಸುಟ್ಟ ರೊಟ್ಟಿ ತಿಂದೆ. ಮನೆಗೆ ನಡೆ, ನನ್ನ ಜೊತೆ ಬಾ ಎಂದಾಗ, 'ಬಂದು ಎಲ್ಲಿ ಮಲಗ್ಲಿ? ನಿಮ್ಮ ತೊಗರಿ ಮ್ಯಾಲ?' ಎಂದು ಕೇಳಿದಳು. ಮಂಗಳವಾರ ಅಲ್ಲಿಯ ಸರಕಾರಿ ಕಚೇರಿಗೆ ಹೋಗಿ ಶ್ರಾವಣದ ಆ ಸೋಮವಾರ ಏನಾಯಿತೆಂಬುದನ್ನು ನನ್ನ ಕೈಯಿಂದ ಬರೆದು ಕೊಟ್ಟೆ, ವಹಿಯ ಆ ಎರಡು ಸಾಲನ್ನೂ ಸೇರಿಸಿದೆ. ಗುಮಾಸ್ತ, 'ಉರ್ದುದಾಗ ಬರಸ್ಕೊಂಡ್ ಬರ್ರೀ ಅವ್ವಾರ' ಅಂದ. ನನಗ ಬರೋದು ಇಷ್ಟೇ ರೀ, ತಗೋಳೋ ತನಕಾ ಇಲ್ಲೇ ಕುಂತಿರ್ತೀನಿ ಅಂದೆ. ಮಧ್ಯಾಹ್ನದ ತನಕ ಕಂಬಕ್ಕೆ ಒರಗಿ ಕೂತೆ. ತೆಗೆದುಕೊಂಡ, ಮೊಹರು ಒತ್ತಿದ. ನಿನ್ನ ಛಾಪಾ ಕಾಗದ ಈ ಪತ್ರದ ಜೊತೆ ವಾಪಸು ಕಳಿಸಿದ್ದೇನೆ. ನನ್ನ ಹೆಸರಿಗೆ ಬಿಟ್ಟ ಜಾಗ ಹಾಗೇ ಇದೆ. ಮತ್ತೊಂದು ಕಾಗದ ಬರೆಸಿದರೆ ಮತ್ತೊಂದು ಸಲ ಹೋಗಿ ಕೂಡುತ್ತೇನೆ. ನನಗೆ ಬೇರೆ ಏನು ಕೆಲಸವಿದೆ?

ನೀಲಾಳದು ಏನೂ ತಪ್ಪಿಲ್ಲ. ಆದ್ದರಿಂದ ಬತ್ತಾಸು ಕಳಿಸಿದ್ದೇನೆ. ಮೂರು ಡಬ್ಬಿಗಳಿವೆ. ಬಿಳಿಯವು ಏಲಕ್ಕಿ, ತುಸು ಕೆಂಪಗಿನವು ಗುಲಾಬಿ, ಬಾಳೆ ಎಲೆ ಸುತ್ತಿದ ಡಬ್ಬಿಯಲ್ಲಿ ಕೇವಡಾ. ಕೆಂಪುಬಾಳೆಯವು ಆಗುವುದಿಲ್ಲ, ಬೀಗರಿಗೆ ಹಣ್ಣೇ ಕೊಡು, ಉಳಿದ ಗೊನೆ ಲಾರಿಯಲ್ಲಿದೆ. ಈ ಸಲ ಒಂದೂ ಚಪ್ಪಟೆಯಾಗಿಲ್ಲ. ಬಾಯಲ್ಲಿಟ್ಟರೆ ಕಡಿಯುವ ಮೊದಲೇ ಕರಗುತ್ತವೆ. ತೇವದ ಗೋಡೆಯ ಹತ್ತಿರ ಇಡಬೇಡಿರಿ. ನೀಲಾಳ ತಲೆಯ ಮೇಲೆ ನನ್ನ ಕೈ ಇಟ್ಟೆನೆಂದು ಹೇಳು. ಕೆಟ್ಟ ಕೈ ಎಂದು ನಿಮ್ಮವರು ಅಂದರೂ ಇಟ್ಟಿದ್ದೇನೆ. ಅವಳ ಸಂಸಾರ ತುಂಬಿ ತುಳುಕಲಿ. ವೈನಿಗೆ ಶರಣಾರ್ಥಿ. ನಿನಗೆ ಒಳ್ಳೆಯದಾಗಲಿ ಎಂದು ಬರೆಯಲು ಇವತ್ತು ಕೈ ಏಳುತ್ತಿಲ್ಲ, ನಾಳೆ ಎದ್ದೀತು. ಕಾಲಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ.

ಇಂತಿ ನಿನ್ನ ತಂಗಿ,
ಶಿವಕಾಂತಮ್ಮ

ತಾ.ಕ.: ದೇವಿಂದ್ರಪ್ಪ ಲಾರಿ ಚಾಲೂ ಮಾಡಿ ಕೂಗುತ್ತಿದ್ದಾನೆ, ಬೇಗ ಬರೆಯುತ್ತೇನೆ. ನಿನ್ನೆ ಬೆಳಿಗ್ಗೆ ಕಂಬಾರ ಮರೆಪ್ಪನನ್ನು ಕರೆಸಿ ನಿನ್ನ ಬೀಗ ಒಡೆಸಿದೆ. 'ಸೋಲಾಪುರದ ಬೀಗ, ಕಮಲಾಪುರದ ಸುತ್ತಿಗಿ, ಎರಡೇ ಏಟಿಗಿ ಮಾತು ಮುಗೀತವ್ವಾ' ಅಂದ. ತೊಗರಿ ಮೂಟೆಗಳೆಲ್ಲ ನಮ್ಮ ಪಡಸಾಲೆಯಲ್ಲಿವೆ. ಒಂದೂ ಕಡಿಮೆಯಿಲ್ಲ, ಯಾವಾಗಲಾದರೂ ಒಯ್ಯಿ. ನಜ್ಮಾಬೀ ಮಂಗಳವಾರ ನನ್ನ ಬಸ್ಸಿಗೇ ಬಂದು ಆ ರಾತ್ರಿ ನಮ್ಮಲ್ಲಿ ಮಲಗಿದಳು, ಈಗ ತನ್ನ ಮನೆಯಲ್ಲಿದ್ದಾಳೆ. ಡಬ್ಬಿಯಲ್ಲಿರುವ ಬತ್ತಾಸು ಅವಳ ಒಲೆಯ ಮೇಲೆ, ಅವಳ ನೀರಿನಲ್ಲಿ, ಅವಳ ಕೈಯಿಂದಲೇ ಆದದ್ದು. ನಾನು ಸೌದೆ ಮುಂದೆ ಸರಿಸುತ್ತಾ ಪಕ್ಕದಲ್ಲಿ ಕೂತಿದ್ದೆ, ಅಷ್ಟೇ. ನೀಲಾಳಿಗೆ ಬೇರೆ ಚೀಟಿಯಲ್ಲಿ ಇದನ್ನೆಲ್ಲ ಬರೆದು ಡಬ್ಬಿಯೊಳಗೆ ಇಟ್ಟಿದ್ದೇನೆ. ಸೋಮವಾರ ಬೀಗರ ಮುಂದೆ ತಾಟು ಹಿಡಿಯುವವಳು ಅವಳು. ಯಾರು ಮಾಡಿದ್ದು ಎಂದು ಅವರು ಕೇಳಿದರೆ ಉತ್ತರ ಅವಳೇ ಕೊಡಲಿ, ನೀನು ಕೊಡಬೇಡ.